ಜುಲೇಖಾ ಆಗಿದ್ದ ಕಹಕಶಾ

ಮುಳಬಾಗಿಲಿನ ಕಹಕಶಾ ಬ್ಲೌಸ್ ಹೊಲಿದು ಬದುಕುವವಳು. ಮೂವತ್ತೆರಡನೆಯ ವಯಸ್ಸಿನಲ್ಲಿ ಅವಳಿಗೊಂದು ಪಾತ್ರ ಸಿಕ್ಕಿತು. ಮಾಲೂರಿನ ಚಂದ್ರಮೋಹನ್ ಮೊಬೈಲಿನಲ್ಲಿ ನೋಡುವ ವೆಬ್ ಸರಣಿ ತೆಗೆಯುತ್ತಿದ್ದ. ಮುನ್ನೂರು ವರ್ಷ ಮುಂದಿನ ಕಥೆ. ಬೇರೆ ಗ್ರಹ ಹುಡುಕಿ ಹೊರಟ ಆಕಾಶನೌಕೆ. ಅದರ ಎಂಜಿನ್ ನೋಡಿಕೊಳ್ಳುವ ಜುಲೇಖಾ ಇವಳು. ತಲೆಗೆ ದುಪಟ್ಟಾ ಬಿಗಿದು, ಸ್ಪ್ಯಾನರ್ ಹಿಡಿದು, ನಮ್ಮ ಕಡೆಯ ಕನ್ನಡದಲ್ಲೇ ಕ್ಯಾಪ್ಟನ್ನನ್ನು ಗದರುವ ಜುಲೇಖಾ ಎರಡು ಭಾಗಗಳಲ್ಲಿ ಮನೆಮಾತಾದಳು.

"ಮುನ್ನೂರು ವರ್ಷ ಆದ್ಮೇಲೂ ನಮ್ಮೋರು ಇರ್ತಾರೆ, ನೋಡಿ" ಎಂದು ತಾಯಿ ಮುನ್ನೀ ಬೀ ಬಂದವರಿಗೆಲ್ಲ ಫೋನು ತೋರಿಸುತ್ತಿದ್ದಳು.

ಮೂರನೆಯ ಭಾಗದ ಸ್ಕ್ರಿಪ್ಟ್ ಬಂತು. ಜುಲೇಖಾ ಶತ್ರುಗಳ ಗೂಢಚಾರಿಣಿಯಂತೆ. ನೌಕೆಗೆ ಬಾಂಬಿಟ್ಟು ಸಾಯುತ್ತಾಳಂತೆ. ಕಹಕಶಾ ಅಂದೇ ಮಾಲೂರಿಗೆ ಬಸ್ಸು ಹತ್ತಿದಳು.

"ಸರ್, ಅವ್ಳನ್ನ ಸಾಯ್ಸೋದಾದ್ರೆ ಸಾಯ್ಸಿಬಿಡಿ. ಎಂಜಿನ್ ರಿಪೇರಿ ಮಾಡ್ತಾ ಸಾಯ್ಲಿ. ಇದ್ ಬೇಡ."

"ಜನಕ್ಕೆ ಟ್ವಿಸ್ಟ್ ಬೇಕು ಕಣಮ್ಮ" ಎಂದ ಚಂದ್ರಮೋಹನ್.

"ನೌಕೇಲಿ ಹನ್ನೆರಡು ಜನ ಇದ್ದಾರೆ. ಬಾಂಬ್ ಇಡೋಕೆ ಇವ್ಳೇ ಬೇಕಿತ್ತಾ?"

ಅವನು ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ. ಅವಳು ಕಾಲು ಹಿಡಿಯಲೂ ಬಗ್ಗಿದಳು. ಅವನು ಕುರ್ಚಿ ಹಿಂದಕ್ಕೆ ಸರಿಸಿಕೊಂಡ.

"ಹಂಗಾದ್ರೆ ನಾನ್ ಮಾಡಲ್ಲ" ಎಂದು ಎದ್ದುಬಂದಳು.

ಅವಳಿಲ್ಲದೆ ಏನೂ ನಿಲ್ಲಲಿಲ್ಲ. ಬೇರೊಬ್ಬಳಿಗೆ ಹೆಲ್ಮೆಟ್ ತೊಡಿಸಿದರು, ಬೇರೆ ದನಿ ಸೇರಿಸಿದರು, ಹಳೆಯ ಭಾಗಗಳಿಂದ ಕಹಕಶಾಳ ಮುಖ ಕತ್ತರಿಸಿ ನಡುನಡುವೆ ಅಂಟಿಸಿದರು. ಮುನ್ನೀ ಬೀ ಕೊನೆಯವರೆಗೂ ನೋಡಿದಳು.

"ಇದು ನೀನಾ?"

"ಅಲ್ಲ ಅಮ್ಮಿ."

"ಮುಖ ನಿಂದೇ ಐತಲ್ಲ."

ಮಗಳು ಎದ್ದುಹೋಗಿ ಮಾಲೂರಿಗೆ ಫೋನು ಮಾಡಿದಳು. ಚಂದ್ರಮೋಹನ್ ಫೋನು ತೆಗೆಯುವುದನ್ನೇ ಬಿಟ್ಟಿದ್ದ. ಸರಣಿ ತೋರಿಸುವ ಕಂಪನಿಗೆ ಮೂರು ಸಲ ಬರೆದಳು. ಮೂರು ಸಲವೂ 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಎಂಬ ಅದೇ ಉತ್ತರ ಬಂತು.

ಆ ವಾರ ಹಳೆಯ ಗಿರಾಕಿ ಆಂಜಿನಮ್ಮ ಬ್ಲೌಸಿಗೆ ಬಂದಳು. ಮನಸ್ಸಿನಲ್ಲಿ ಕೆಟ್ಟದ್ದಿಲ್ಲದ ಹೆಂಗಸು. "ಏನವ್ವ, ಅಷ್ಟ್ ಜನಾನ ಒಂದೇ ಸಲ ಹಾರಿಸ್ಬಿಟ್ಟಲ್ಲ!" ಎಂದು ನಕ್ಕಳು.

"ಅದು ನಾನಲ್ಲ ಆಂಜಿನಮ್ಮ. ನಾನ್ ಒಪ್ಕೊಳ್ಲೇ ಇಲ್ಲ" ಎನ್ನುತ್ತ ಕಹಕಶಾ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು.

"ಅಯ್ಯೋ, ಸಿನ್ಮಾ ತಾನೇ! ಅದಕ್ಯಾಕೆ ಅಳ್ತೀಯ?"

ಅಂದಿನಿಂದ ಅವಳು ಯಾರಿಗೂ ವಿವರಿಸಲು ಹೋಗಿಲ್ಲ. ಬಾಗಿಲಲ್ಲಿ ಯಾರಾದರೂ "ಜುಲೇಖಾ" ಎಂದು ಕರೆದರೆ ಹೊಲಿಗೆ ನಿಲ್ಲಿಸಿ ಒಳಮನೆಗೆ ಹೋಗಿ ಕೂರುತ್ತಾಳೆ. ಅಳತೆಯನ್ನು ಮುನ್ನೀ ಬೀಯೇ ತೆಗೆದುಕೊಳ್ಳುತ್ತಾಳೆ.