ನೀಲಾವತಿ ಬರೆಯದ ಕ್ಷಮಾಪಣೆ

ನಮ್ಮ ಕಾಲೇಜು ಮಠದ್ದು. ವಿರಾಜಪೇಟೆಯಿಂದ ಹುದಿಕೇರಿ ಕಡೆಗೆ ಹೋಗುವ ದಾರಿಯಲ್ಲಿ, ಕಾಫಿ ತೋಟಗಳ ನಡುವೆ ಎರಡು ಕಟ್ಟಡ, ಒಂದು ಪ್ರಾರ್ಥನಾ ಮಂದಿರ, ಒಂದು ವಾಲಿಬಾಲ್ ಅಂಗಳ. ವಿದ್ಯಾರ್ಥಿಗಳು ನೂರ ಎಪ್ಪತ್ತು. ಬೆಳಿಗ್ಗೆ ಪ್ರಾರ್ಥನೆ, ಸಂಜೆ ಭಜನೆ. ಮನರಂಜನೆಯನ್ನು ಮಾತ್ರ ಇಲ್ಲಿ ಔಷಧಿಯ ಹಾಗೆ ಅಳೆದು ಕೊಡುತ್ತಾರೆ. ವರ್ಷಕ್ಕೊಂದು ವಾರ್ಷಿಕೋತ್ಸವ, ಹಾಸ್ಟೆಲಿನಲ್ಲಿ ಶನಿವಾರ ಸಂಜೆ ಒಂದು ಗಂಟೆ ಹಾಡು, ಆಟ. ಸಿನಿಮಾ ಹಾಡು ಕೂಡದು. ಹುಡುಗರೂ ಹುಡುಗಿಯರೂ ಸೇರಿ ಕುಣಿಯಕೂಡದು. ಹದಿನಾರು ವರ್ಷದಿಂದ ಇಲ್ಲಿ ಲೈಬ್ರೇರಿಯನ್ ಆಗಿರುವ ನಾನೇ ಈ ನಿಯಮಗಳನ್ನು ನೋಟಿಸ್ ಬೋರ್ಡಿಗೆ ಅಂಟಿಸುವವಳು.

ನನ್ನ ಗೆಳತಿ ನೀಲಾವತಿ ಹುಡುಗಿಯರ ಹಾಸ್ಟೆಲಿನ ವಾರ್ಡನ್. ಮಾದಾಪುರದ ಕಡೆಯವಳು, ಅರೆಭಾಷೆ ಗೌಡರ ಮನೆಯ ಹೆಣ್ಣು. ಗಂಡ ಜೀಪು ಓಡಿಸುತ್ತಿದ್ದ. ಕಾಫಿ ಮೂಟೆ ತುಂಬಿದ್ದ ಜೀಪು ತಿರುವಿನಲ್ಲಿ ಮಗುಚಿ ಅವನು ತೀರಿಕೊಂಡಾಗ ಇವಳಿಗೆ ಮೂವತ್ತಮೂರು. ಆ ವರ್ಷವೇ ಹಾಸ್ಟೆಲಿಗೆ ಬಂದಳು. ಇಪ್ಪತ್ತೆಂಟು ಹುಡುಗಿಯರಿಗೆ ಅವಳು 'ವಾರ್ಡನಕ್ಕ'.

ಶನಿವಾರದ ಆ ಒಂದು ಗಂಟೆಗಾಗಿ ಅವಳು ವಾರವಿಡೀ ಕಾಯುತ್ತಿದ್ದಳೆಂದರೆ ಸುಳ್ಳಲ್ಲ. ತೋಟದ ಕೂಲಿಮನೆಗಳ ಲೈನಿನಿಂದ ಬಂದ ಹುಡುಗಿಯರು ಮೊದಲ ತಿಂಗಳು ಬಾಯಿ ಬಿಡುವುದೇ ಇಲ್ಲ. ನೀಲಾವತಿ ಅವರನ್ನೂ ಬಿಡುತ್ತಿರಲಿಲ್ಲ. "ಹಾಡ್ಲಿಕ್ಕೆ ಬಾರದಿದ್ರೆ ಕೋಳಿ ಹಾಗೆ ಕೂಗು. ಆದ್ರೆ ಎದ್ದು ನಿಲ್ಬೇಕು" ಎನ್ನುತ್ತಿದ್ದಳು. ತಾನು ಮಾತ್ರ ಬಾಗಿಲ ಬಳಿಯ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಹುಡುಗಿಯರು ಕೈ ಹಿಡಿದು ಎಳೆದರೆ, "ನಂದೆಲ್ಲ ಮುಗೀತು ಮಕ್ಳೇ, ನೀವು ಮಾಡಿ" ಎಂದು ಕೈ ಬಿಡಿಸಿಕೊಳ್ಳುತ್ತಿದ್ದಳು. ನೆಂಟರ ಮದುವೆಗಳಲ್ಲೂ ಅಷ್ಟೇ. ಕುಣಿಯಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಬಾ ಎಂದು ಯಾರೂ ಕರೆದೂ ಇರಲಿಲ್ಲ.

ಹೋದ ವರ್ಷದ ವಾರ್ಷಿಕೋತ್ಸವಕ್ಕೆ ಮೂಲ ಮಠದ ಹೊಸ ಸ್ವಾಮೀಜಿ ಬರುವುದೆಂದಾಯಿತು. ಬಯಲುಸೀಮೆಯವರು, ಕೊಡಗಿಗೆ ಮೊದಲ ಭೇಟಿ. ಆಡಳಿತ ಮಂಡಳಿಯವರು ಸ್ವಾಗತಕ್ಕೆ ಪೂರ್ಣಕುಂಭ, ಅದರ ಹಿಂದೆ ವಾಲಗ ಎಂದು ಕಾರ್ಯಕ್ರಮದ ಪಟ್ಟಿಯಲ್ಲಿ ಬರೆದರು. ವಾಲಗವೆಂದರೆ ನಮ್ಮಲ್ಲಿ ಡೋಲು, ಕೊಂಬು, ಪೀಪಿ ಎಲ್ಲ ಸೇರಿದ ಮೇಳ. ಮದುವೆ ಮನೆಯಲ್ಲಿ ಅದು ಶುರುವಾದರೆ ಮಂಡಿನೋವಿನ ಅಜ್ಜಿಯೂ ಎರಡು ಹೆಜ್ಜೆ ಹಾಕುತ್ತಾಳೆ. ಅದನ್ನು ಕರೆಸಿ, ಜನ ಸಾಲಾಗಿ ಕೈಮುಗಿದು ನಡೆಯುತ್ತಾರೆ ಎಂದುಕೊಂಡರಲ್ಲ, ಮಂಡಳಿಯ ಆ ಏಳು ಮಂದಿ ಕೊಡಗಿನಲ್ಲೇ ಹುಟ್ಟಿದವರು!

ಡೋಲಿಗೆ ಪೆಟ್ಟು ಬಿದ್ದಿತು. ಮೆರವಣಿಗೆ ಗೇಟಿನಿಂದ ಹತ್ತು ಹೆಜ್ಜೆ ಬಂದಿರಬಹುದು. ಸಾಲಿನ ಪಕ್ಕದಲ್ಲಿ ಹುಡುಗಿಯರನ್ನು ನೇರ ನಿಲ್ಲಿಸುತ್ತಿದ್ದ ನೀಲಾವತಿಯ ಕೈ ಮೇಲೆದ್ದಿತು. ಅವಳು ಕುಣಿಯತೊಡಗಿದಳು. ಹುಡುಗಿಯರು ಒಂದು ಕ್ಷಣ ನೋಡಿದರು, ಅಷ್ಟೇ. ಆಮೇಲೆ ಹುಡುಗಿಯರು, ಹುಡುಗರು, ಜೀಪಿನಿಂದ ಆಗಷ್ಟೇ ಇಳಿದ ತಂದೆ ತಾಯಂದಿರು, ಎಲ್ಲರೂ ಕುಣಿದರು. ಮಂಡಳಿಯ ಅಧ್ಯಕ್ಷರು, ಹುದಿಕೇರಿಯ ಕಾಫಿ ಬೆಳೆಗಾರ ನಾಣಯ್ಯನವರು, ಅರವತ್ತೆಂಟರ ವಯಸ್ಸಿನಲ್ಲಿ ಹೆಗಲ ಶಾಲನ್ನು ಕೈಗೆ ತೆಗೆದುಕೊಂಡು ಕುಣಿದರು. ನಾನು ಕುಣಿಯಲಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು. ಪೂರ್ಣಕುಂಭ ಹಿಡಿದವರು ಮುಂದೆ ಹೋಗಿಬಿಟ್ಟಿದ್ದರು, ಸ್ವಾಮೀಜಿ ಕಾರಿನ ಪಕ್ಕದಲ್ಲಿ ಒಬ್ಬರೇ ನಿಂತಿದ್ದರು.

ವಾರದೊಳಗೆ ಮೂಲ ಮಠದ ಕಾಗದ ಬಂದಿತು. ಕಾಲೇಜಿನಲ್ಲಿ ಶಿಸ್ತು ಕೆಟ್ಟಿದೆ, ಮುಂದಿನ ವಾರ್ಷಿಕೋತ್ಸವ ಇಲ್ಲ, ಶನಿವಾರದ ಮನರಂಜನೆಯೂ ಇಲ್ಲ. ಮೊದಲು ಕುಣಿದವರು ತಾವು ಮಾಡಿದ್ದು ತಪ್ಪು ಎಂದು ಬರೆದುಕೊಟ್ಟರೆ ಮರುಪರಿಶೀಲಿಸಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ಈ ನೋಟಿಸನ್ನೂ ನಾನೇ ಅಂಟಿಸಿದೆ.

ನೀಲಾವತಿ ಬರೆಯಲಿಲ್ಲ. ಪ್ರಾಂಶುಪಾಲರು ಕರೆದು ಹೇಳಿದರು, ಬರೆಯಲಿಲ್ಲ. ಕ್ಷಮಾಪಣೆಯನ್ನು ಟೈಪ್ ಮಾಡಿಸಿ ಸಹಿಗೆ ಕಳಿಸಿದರು, ಹಾಗೆಯೇ ವಾಪಸ್ಸು ಕಳಿಸಿದಳು. ಮಂಡಳಿಯ ಸಭೆ ನಡೆದಾಗಲೆಲ್ಲ, ಮಕ್ಕಳ ವಾರ್ಷಿಕೋತ್ಸವವನ್ನು ಮಕ್ಕಳಿಗೆ ಕೊಡಿ ಎಂಬ ಅರ್ಜಿ ಹಿಡಿದು ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದಳು. ಜೂನ್, ಆಗಸ್ಟ್, ಅಕ್ಟೋಬರ್, ಮೂರು ಸಲವೂ ಒಳಗೆ ಕರೆಯಲಿಲ್ಲ. ಶನಿವಾರ ಸಂಜೆ ಹುಡುಗಿಯರು ತಂತಮ್ಮ ಕೋಣೆಯಲ್ಲಿ ಮೊಬೈಲ್ ನೋಡುತ್ತ ಬಿದ್ದಿರುತ್ತಿದ್ದರು. ಅವಳು ಖಾಲಿ ಹಾಲ್‌ನಲ್ಲಿ ತನ್ನ ಕುರ್ಚಿ ಹಾಕಿಕೊಂಡು ಏಳರಿಂದ ಎಂಟರವರೆಗೆ ಕೂತೇ ಇರುತ್ತಿದ್ದಳು.

ಅವಳಿಗೆ ನಿಜವಾಗಿ ನೋವು ಕೊಟ್ಟವಳು ಅಶ್ವಿತಾ. ಮೊದಲ ವರ್ಷದಲ್ಲಿ ನಾಲ್ಕು ಜನರ ಮುಂದೆ ಹೆಸರು ಹೇಳಲೂ ನಡುಗುತ್ತಿದ್ದ ಹುಡುಗಿ. ಈಗ ಕೊನೆಯ ವರ್ಷ, ತಾನೇ ಒಂದು ನಾಟಕ ಬರೆದಿದ್ದಳು. "ಅಕ್ಕ, ಒಂದು ಸಾಲು ಬರ್ದು ಕೊಟ್ಬಿಡಿ. ನಂಗೆ ಇನ್ನೊಂದು ವರ್ಷ ಇಲ್ಲ" ಎಂದು ನನ್ನೆದುರೇ ಕೇಳಿದಳು. ನೀಲಾವತಿ ಅವಳ ತಲೆ ಸವರಿ, "ನಾಟಕ ಕಲಿಸ್ತಾ ಇರು" ಎಂದಳು. ನನಗೆ ಸಿಟ್ಟು ಬಂದಿತು. ಇಪ್ಪತ್ತೆಂಟು ಮಕ್ಕಳ ಸಂತೋಷಕ್ಕಿಂತ ನಿನ್ನ ಹಟ ದೊಡ್ಡದೇ ಎಂದು ಕೇಳಿಯೂಬಿಟ್ಟೆ.

ಮರುದಿನ ಮನಸ್ಸು ತಡೆಯದೆ ನಾನೇ ಒಂದು ಉಪಾಯ ಹೇಳಿದೆ. ನಾಣಯ್ಯನವರು ಕುಣಿದದ್ದು ಹುಡುಗರ ಮೊಬೈಲಿನಲ್ಲಿತ್ತು.

"ಅದನ್ನು ಮೂಲ ಮಠಕ್ಕೆ ಕಳಿಸ್ತೇವೆ ಅಂತ ಒಂದು ಮಾತು ಹೇಳು ಸಾಕು" ಎಂದೆ.

"ತುಳಸೀ, ಅವ್ರು ಖುಷಿಲಿ ಕುಣಿದದ್ದು. ಅದನ್ನು ಹಿಡ್ಕೊಂಡು ಅವ್ರನ್ನ ಹೆದರ್ಸುದಾ? ನನ್ನಿಂದ ಆಗುದಿಲ್ಲ."

ಜನವರಿಯ ಸಭೆಗೆ ಅವಳನ್ನು ಒಳಗೆ ಕರೆದರು. ನಡಾವಳಿ ಬರೆಯುವ ಕೆಲಸ ನನ್ನದಾದ್ದರಿಂದ ನಾನೂ ಅಲ್ಲಿದ್ದೆ. ನಾಣಯ್ಯನವರು ತಲೆ ಎತ್ತದೆ, ಟೈಪ್ ಮಾಡಿದ ಕ್ಷಮಾಪಣೆಯನ್ನು ಮೇಜಿನ ಮೇಲೆ ಸರಿಸಿದರು.

"ಇದು ಕೊನೇ ಸಲ ನೀಲಾವತಿ. ಸಹಿ ಹಾಕಿದ್ರೆ ಫೆಬ್ರವರಿಲಿ ವಾರ್ಷಿಕೋತ್ಸವ. ಇಲ್ಲಾಂದ್ರೆ ಇಲ್ಲ."

ನೀಲಾವತಿ ಹಾಸ್ಟೆಲಿನ ಬೀಗದ ಕೈಗೊಂಚಲನ್ನು ಆ ಕಾಗದದ ಪಕ್ಕದಲ್ಲಿ ಇಟ್ಟಳು.

"ಯಾರಿಗಾದ್ರೂ ಶಿಕ್ಷೆ ಆಗ್ಲೇಬೇಕು ಅಂದ್ರೆ ನನ್ನನ್ನು ತೆಗೀರಿ ಸರ್, ಮಕ್ಳಿಗೆ ಅವ್ರ ದಿನ ಕೊಡಿ. ಮೊದ್ಲು ಕುಣಿದದ್ದು ನಾನೇ, ಅದಕ್ಕೆ ಬೇಕಾದ್ರೆ ಸಹಿ ಹಾಕ್ತೇನೆ. ತಪ್ಪು ಅಂತ ಬರೆಯುದಿಲ್ಲ."

"ಅದೊಂದು ಶಬ್ದದಲ್ಲಿ ಎಂತ ಉಂಟಮ್ಮ?"

"ಗಂಡ ಹೋಗಿ ಒಂಬತ್ತು ವರ್ಷ ಯಾರ ಮದುವೇಲೂ ನಾನು ಕಾಲು ಎತ್ತಲಿಲ್ಲ ಸರ್. ಗೋಡೆಗೆ ಒರಗಿ ನಿಲ್ತಿದ್ದೆ. ಅವತ್ತು ಅದು ಹೇಗೆ ಆಯ್ತು ಅಂತ ನಂಗೇ ಗೊತ್ತಿಲ್ಲ. ಬದುಕಿದ್ದೇನೆ ಅಂತ ಅನ್ನಿಸ್ತು. ನನ್ನ ಹಾಸ್ಟೆಲಿಂದ ಹೋಗುವ ಹುಡುಗಿಯರಲ್ಲಿ ಒಬ್ಳಿಗಾದ್ರೂ ನಾಳೆ ನನ್ನ ಗತಿ ಬರಬಹುದು. ಅವಳೂ ಗೋಡೆ ಹಿಡ್ಕೊಂಡು ನಿಂತಿರ್ತಾಳೆ. ಕುಣಿದದ್ದು ತಪ್ಪು ಅಂತ ನಮ್ಮ ವಾರ್ಡನಕ್ಕನೇ ಬರ್ದು ಕೊಟ್ಟಿದ್ರು ಅಂತ ಅವಳಿಗೆ ನೆನಪಾಗ್ಬಾರದು."

ಪ್ರಾಂಶುಪಾಲರು ನನ್ನ ಕಡೆ ತಿರುಗಿದರು. "ವಾರ್ಡನ್ ಅವರು ವಿಷಾದ ವ್ಯಕ್ತಪಡಿಸಿದರು ಅಂತ ಬರ್ಕೊಳ್ಳಿ ಮೇಡಂ. ಅಲ್ಲಿಗೆ ಮುಗಿಯಿತು" ಎಂದರು.

ಹದಿನಾರು ವರ್ಷ ಹೇಳಿದ್ದನ್ನು ಅಂಟಿಸಿದವಳು, ಹೇಳಿದ್ದನ್ನು ಬರೆದವಳು ನಾನು. ಆ ಹೊತ್ತಿನಲ್ಲಿ ನನಗೆ ನಾಚಿಕೆಯಾಯಿತು. "ಅವರು ಹಾಗೆ ಹೇಳಲಿಲ್ಲ ಸರ್. ಹೇಳಿದ್ದನ್ನು ಬರೆದಿದ್ದೇನೆ" ಎಂದು ನಡಾವಳಿ ಪುಸ್ತಕವನ್ನು ನಾಣಯ್ಯನವರ ಮುಂದಿಟ್ಟೆ.

ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಕೈಗೊಂಚಲನ್ನು ನೀಲಾವತಿಯ ಕಡೆಗೆ ತಳ್ಳಿದರು. ಟೈಪ್ ಮಾಡಿದ ಕ್ಷಮಾಪಣೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಈ ನಡಾವಳಿಯ ಪ್ರತಿ ಮೂಲ ಮಠಕ್ಕೆ ಹೋಗ್ಲಿ" ಎಂದರು. ಆಮೇಲೆ ಪುಸ್ತಕವನ್ನು ನನಗೆ ವಾಪಸ್ಸು ಕೊಟ್ಟರು. "ಅದ್ರ ಕೆಳಗೆ ಇನ್ನೊಂದು ಸಾಲು ಸೇರಿಸಿ. ಅಧ್ಯಕ್ಷ ನಾಣಯ್ಯನೂ ಕುಣಿದಿದ್ದ ಅಂತ."

ನಾನು ಬರೆದೆ. ಅವರು ಸಹಿ ಹಾಕಿದರು. ಫೆಬ್ರವರಿಯ ಎರಡನೇ ಶನಿವಾರ, ವಾರ್ಷಿಕೋತ್ಸವದಲ್ಲಿ, ಅಶ್ವಿತಾಳ ನಾಟಕ ನಡೆಯಿತು.