ಅತ್ತೆ ಕೆಡವಿದ ಕೂಸು

ನನಗೆ ತಿಳಿವಳಿಕೆ ಬರುವ ಮೊದಲೇ ನನ್ನ ಕಥೆ ಓಣಿಗೆಲ್ಲ ಬಾಯಿಪಾಠವಾಗಿತ್ತು. "ಇಕಿ ಅವರತ್ತಿ ಕೆಡವಿದ ಕೂಸು ಅಲ್ಲೇನು?" ಎಂದು ಐನಾಪುರದ ಹೆಂಗಸರು ನನ್ನ ಎಡಗಾಲು ನೋಡಿ ಹೇಳುತ್ತಿದ್ದರು. ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಕಥೆ ಕಟ್ಟಿದವಳು ಅವ್ವ. ನಾನು ಮೂರು ತಿಂಗಳ ಕೂಸಾಗಿದ್ದಾಗ ನನ್ನ ಕಾಲಿಗೆ ಸುತ್ತಿದ್ದ ಬಟ್ಟೆಯನ್ನು ಅತ್ತೆ ಬಿಚ್ಚಿ, ನನ್ನನ್ನು ಟೊಂಕದ ಮೇಲೆ ಕೂರಿಸಿಕೊಂಡು ತಿರುಗುವಾಗ ಕೆಳಗೆ ಹಾಕಿದಳಂತೆ. ಕೀಲು ತಪ್ಪಿ ಹುಡುಗಿ ಕುಂಟಿಯಾದಳಂತೆ. ಅವ್ವ ಇದನ್ನು ಎಷ್ಟು ಸಲ ಹೇಳಿದ್ದಳೆಂದರೆ, ಬಿದ್ದಾಗ ಆದ ಸದ್ದು ಕೂಡ ನನಗೆ ನೆನಪಿದೆ ಎಂದೇ ನಂಬಿದ್ದೆ.

ಅವ್ವ ಕೂಸುಗಳಿಗೆ ಎರೆಯುವುದರಲ್ಲಿ ಹೆಸರಾದವಳು. ಅಂಗಳದಲ್ಲಿ ಕಾಲು ಚಾಚಿ ಕೂತು, ಕೂಸನ್ನು ತನ್ನ ಕಾಲುಗಳ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವಳು. ಎರಡೂ ಹಿಮ್ಮಡಿ ಹಿಡಿದು ಕಾಲನ್ನು ನೀಳಕ್ಕೆ ಎಳೆಯುವಳು. ಬಿಸಿನೀರು ಹೊಯ್ದು, ಲೋಬಾನದ ಹೊಗೆ ಹಾಕಿ, ಕೊನೆಗೆ ಹಳೇ ಧೋತರದ ಪಟ್ಟಿಯಿಂದ ಎರಡೂ ಕಾಲು ಜೋಡಿಸಿ ಟೊಂಕದಿಂದ ಹಿಮ್ಮಡಿಯ ತನಕ ಬಿಗಿದು ಸುತ್ತುವಳು. "ಬಿಚ್ಚಬ್ಯಾಡ್ರಿ ಮತ್ತ. ಈಗ ಸಡಲ ಬಿಟ್ರ ಕಾಲು ಡೊಂಕ ಆಗ್ತಾವ" ಎಂದು ಬಾಣಂತಿಗೆ ತಾಕೀತು ಮಾಡುವಳು. ಅವ್ವ ಎರೆದ ಕೂಸು ಗಪ್ಪನೆ ಮಲಗುತ್ತದೆ ಎಂದು ಜನ ಹೊಗಳುತ್ತಿದ್ದರು. ಕಾಲಾಡಿಸಲು ಆಗದ ಕೂಸು ಮಲಗದೆ ಇನ್ನೇನು ಮಾಡೀತು? ಆ ಕೆಲಸವನ್ನು ಅವಳು ಮೊದಲು ಕಲಿತದ್ದು ತನ್ನ ಚೊಚ್ಚಲ ಕೂಸಿನ ಮೇಲೆ, ಅಂದರೆ ನನ್ನ ಮೇಲೆ.

ಶಾಲೆಯಲ್ಲಿ ಹುಡುಗಿಯರು ನನ್ನ ಹಿಂದೆ ಬಾತುಕೋಳಿಯ ಹಾಗೆ ಹೊಯ್ದಾಡುತ್ತ ನಡೆದು ನಗುತ್ತಿದ್ದರು. ಅವರಿಗೆ ತಿರುಗಿ ಬೈಯುವ ಧೈರ್ಯ ನನಗಿರಲಿಲ್ಲ. ಮನೆಗೆ ಬಂದು ಅತ್ತೆಗೆ ಬೈಯುತ್ತಿದ್ದೆ. ಅವಳು ಹಾಲು ಕಾಸಿ ಕೊಟ್ಟರೆ, "ಕಾಲ ಮುರಕಿ ಕೈಯಾಂದು ನನಗ ಬ್ಯಾಡ" ಎಂದು ಲೋಟ ಸರಿಸುತ್ತಿದ್ದೆ. ಅವ್ವ ನಗುತ್ತಿದ್ದಳು. ಹಾಗೆ ಅನ್ನುವುದು ನನಗೆ ಖುಷಿ ಕೊಡುತ್ತಿತ್ತು, ಅದನ್ನು ಈಗ ಮುಚ್ಚಿಟ್ಟು ಏನು ಪ್ರಯೋಜನ. ನನಗೆ ಏಳು ವರ್ಷವಿದ್ದಾಗ ಅತ್ತೆ ಹಳೇ ಅರಿವೆಯ ತುಂಡುಗಳನ್ನು ಕೌದಿಯಂತೆ ಹೊಲಿದು ನನ್ನ ಎಡಗಾಲಿನ ಚಪ್ಪಲಿಗೆ ಹೊಂದುವ ಮೆತ್ತೆ ಮಾಡಿದ್ದಳು. ಆ ಕಾಲು ಬಲಗಾಲಿಗಿಂತ ಗಿಡ್ಡ. ಮೆತ್ತೆ ಇಟ್ಟರೆ ಎರಡೂ ಸಮ ಆಗುತ್ತಿದ್ದವು. ಚಪ್ಪಲಿಯಲ್ಲಿ ಅದನ್ನು ಕೂರಿಸುತ್ತ ಅವಳು ಮೆಲ್ಲಗೆ ಏನೋ ಹೇಳುತ್ತಿದ್ದಳು. ನಾನು ಕೇಳಿಸಿಕೊಳ್ಳಲಿಲ್ಲ. ಮೆತ್ತೆಯನ್ನು ಕಿತ್ತು ಅವಳ ಕಣ್ಣೆದುರೇ ತಿಪ್ಪೆಗೆ ಒಗೆದೆ.

ನನ್ನನ್ನು ನೋಡಲು ಮೂರು ಗಂಡುಗಳು ಬಂದರು, ಒಂದು ಮುಗಳಖೋಡದ್ದು, ಎರಡು ಅಥಣಿ ಕಡೆಯವು. ಮೂರೂ ಸಲ ಅವಲಕ್ಕಿ ತಿಂದಾದ ಮೇಲೆ ಯಾರಾದರೊಬ್ಬ ಹಿರಿಯ ಹೆಂಗಸು, "ಒಂದೀಟ ನಡದ ತೋರಸವಾ" ಎಂದಳು. ಪಡಸಾಲೆಯಿಂದ ಅಡುಗೆಮನೆಯ ಹೊಸ್ತಿಲ ತನಕ ನಡೆದೆ. ಅಷ್ಟರಲ್ಲಿ ಅವರ ಮುಖ ಏನಾಯಿತೆಂದು ನೋಡಲು ನಾನು ತಿರುಗಬೇಕಾಗಿರಲಿಲ್ಲ. ಮೂರನೆಯವರು ಹೋದ ಮೇಲೆ ಅವ್ವ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಒದರಿದಳು. "ಉಂಡ ಮನಿ ಹುಡುಗಿ ಬಾಳೇ ಹಾಳ ಮಾಡಿದಿ. ನೀ ಸತ್ತರ ಪೀಡಾ ಹರದ ಹೊಕ್ಕಿತ್ತು." ಅತ್ತೆ ಎಮ್ಮೆಗೆ ಮೇವು ಹಾಕುತ್ತಲೇ ಇದ್ದಳು. ನಾನು ಹೊಲಿಗೆ ಮಷೀನು ತಂದು ಪಡಸಾಲೆಯಲ್ಲಿ ಹಾಕಿಕೊಂಡೆ, ಓಣಿಯ ಹೆಂಗಸರ ಕುಬುಸ ಹೊಲಿಯತೊಡಗಿದೆ.

ನಲವತ್ತು ದಾಟಿದ ಮೇಲೆ ತೊಡೆಯ ಸಂದಿಯಲ್ಲಿ ನೋವು ಶುರುವಾಯಿತು. ಮೊದಲು ಮಷೀನು ತುಳಿದಾಗ, ಆಮೇಲೆ ಮೆಟ್ಟಿಲು ಹತ್ತುವಾಗ, ಕಡೆಗೆ ಮಗ್ಗುಲು ಬದಲಿಸಿದರೂ. ಮಿರಜಿಗೆ ಹೋದೆ. ಡಾಕ್ಟರು ನನಗಿಂತ ಸಣ್ಣವರು, ಅರ್ಧ ಮರಾಠಿ, ಅರ್ಧ ನಮ್ಮ ಭಾಷೆ. ಎಕ್ಸರೇ ಹಿಡಿದು ಬೆರಳಿಟ್ಟು ತೋರಿಸಿದರು.

"ಹೇ ಬಘಾ, ಇಲ್ಲಿ ನೋಡ್ರಿ ತಾಯಿ, ಇದು ಬಿದ್ದು ಆಗಿದ್ದಲ್ಲ. ಹುಟ್ಟಿದಾಗಿಂದs ಕೀಲು ಸಡಲ ಇದ್ದಿರಬೇಕು. ಕೂಸಿದ್ದಾಗ ಕಾಲು ಅಗಲ ಇಟ್ಟಿದ್ರ ತೊಡಿ ಎಲುಬಿನ ಗುಂಡು ಗುಳಿಯಾಗ ಸರಿಯಾಗಿ ಕೂಡ್ತಿತ್ತು, ಗುಳಿ ತಾನಾಗೇ ಆಳ ಆಗ್ತಿತ್ತು. ಕಾಲು ಜೋಡ್ಸಿ ಕಟ್ತಿದ್ರೇನು?"

ಹೌದೆಂದೆ.

"ಕಟ್ಟಿದ್ರ ಗುಂಡು ಹೊರಗ ಜಾರತೈತಿ. ಬಟ್ಟಲ ಆಗಬೇಕಾದ್ದು ತಾಟ ಆಗಿ ಉಳದೈತಿ. ಇಷ್ಟ ವರ್ಷ ನಿಮ್ಮ ಮೈಭಾರ ಎಲ್ಲಾ ಅದರ ಅಂಚಿನ ಮ್ಯಾಲೆ. ಒಳಗಿನ ಮೆತ್ತನ್ನ ಪದರ ಪೂರಾ ಸವದು ಎಲುಬಿಗೆ ಎಲುಬು ತಿಕ್ಕಾಕತ್ತೈತಿ. ಕೀಲೇ ಬದಲ ಮಾಡಬೇಕ್ರಿ."

ಕೂಸನ್ನು ಹೇಗೆ ಎತ್ತಿಕೊಂಡರೆ ಒಳ್ಳೆಯದಿತ್ತು ಎಂದು ಯಾಕೆ ಕೇಳಿದೆನೋ ಗೊತ್ತಿಲ್ಲ. ಅವರು ನಕ್ಕು, "ನಮ್ಮ ಹಳ್ಳ್ಯಾಗ ಎತ್ಗೋತಾರಲ್ಲ, ಟೊಂಕದ ಮ್ಯಾಲ, ಕಾಲು ಎರಡೂ ಕಡೆ ಬಿಟ್ಟು. ಅದs ಛಲೋ" ಎಂದರು.

ಅಂದರೆ ಆ ಮನೆಯಲ್ಲಿ ನನ್ನ ಕಾಲಿಗೆ ಒಳ್ಳೆಯದನ್ನು ಮಾಡಿದವಳು ಅತ್ತೆ ಒಬ್ಬಳೇ. ಅವಳು ಪಟ್ಟಿ ಬಿಚ್ಚಿ ಟೊಂಕದ ಮೇಲೆ ಕೂರಿಸಿಕೊಳ್ಳುತ್ತಿದ್ದಳು ಎಂದು ಅವ್ವನೇ ಸಾವಿರ ಸಲ ಹೇಳಿದ್ದಳು. ಕಾಗವಾಡದ ಮೇಲೆ ಬರುವ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಅದನ್ನೇ ತಿರುವಿ ತಿರುವಿ ನೋಡಿದೆ. ಮನೆಗೆ ಬಂದಾಗ ಅತ್ತೆ ಕೊಟ್ಟಿಗೆಯಿಂದ ಹೊರಬಂದು, "ಏನಂದ್ರಬೇ ಡಾಕ್ಟರು?" ಎಂದಳು. "ಸವದೈತಿ ಅಂದ್ರು" ಎಂದು ಒಳಗೆ ಹೋದೆ. ಮುಂದಿನ ಏಳು ತಿಂಗಳು ಬಾಯಿ ಬಿಡಲಿಲ್ಲ. ಆಪರೇಷನ್ ಆದ ಮೇಲೆ ನನ್ನನ್ನು ನೋಡಿಕೊಳ್ಳಲು ಅವ್ವ ಬೇಕಾಗಿದ್ದಳು, ಅವಳನ್ನು ಎದುರು ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಅತ್ತೆ ಈ ಅಪವಾದವನ್ನು ಇಷ್ಟು ವರ್ಷ ಹೊತ್ತಿದ್ದಾಳೆ, ಇನ್ನಷ್ಟು ದಿನ ಹೊರಲಿ ಎಂದುಕೊಂಡೆ. ನಾನು ಅಂಥವಳು.

ಆಪರೇಷನ್ ಆಯಿತು. ಹೊಸ ಕೀಲು ಜಾರಬಾರದೆಂದು ಎರಡೂ ಕಾಲ ನಡುವೆ ದಪ್ಪನೆಯ ದಿಂಬು ಇಟ್ಟು ಪಟ್ಟಿಯಿಂದ ಕಟ್ಟಿ ಮಲಗಬೇಕಿತ್ತು. ಕೂಸಿದ್ದಾಗ ಅಗಲ ಮಾಡಬೇಕಿದ್ದ ಕಾಲುಗಳನ್ನು ಈಗ ಅಗಲ ಮಾಡಿದ್ದರು. ಆ ಪಟ್ಟಿಯನ್ನೂ ಅವ್ವನೇ ಕಟ್ಟುತ್ತಿದ್ದಳು. ಅವಳು ಹಾಕಿದ ಗಂಟು ಬಲು ಗಟ್ಟಿ. ಅತ್ತೆ ಬಾಗಿಲಿಗೆ ಬಂದರೆ, "ನೀ ಮುಟ್ಟಬ್ಯಾಡ, ಒಮ್ಮೆ ಮುಟ್ಟಿದ್ದs ಸಾಕು" ಎಂದು ಹೊರಗೇ ನಿಲ್ಲಿಸುತ್ತಿದ್ದಳು.

ಮನೆಗೆ ಬಂದ ಹತ್ತನೆಯ ದಿನ ಪಕ್ಕದ ಮನೆಯ ಸೊಸೆ ತಿಂಗಳ ಹೆಣ್ಣುಕೂಸನ್ನು ಎರೆಸಲು ತಂದಳು. ಅವಳ ಗಂಡನ ತಾಯಿ, ಇನ್ನಿಬ್ಬರು ಹೆಂಗಸರು ಜೊತೆಗಿದ್ದರು. ನನ್ನ ಮಂಚದಿಂದ ಅಂಗಳ ಕಾಣುತ್ತಿತ್ತು. ಅವ್ವ ಎರೆದು ಮುಗಿಸಿ, ಧೋತರದ ಪಟ್ಟಿ ಝಾಡಿಸುತ್ತ, ನನ್ನ ಕಡೆ ಗೋಣು ಹಾಕಿ ಹೊಸ ಸೊಸೆಗೆ ಕಥೆ ಶುರು ಮಾಡಿದಳು. "ನೋಡವಾ, ಕೂಸಿದ್ದಾಗ ಅವರತ್ತಿ ಕೆಡವಿದ್ದು. ಇವತ್ತಿಗೂ ಭೋಗಸಾಕತ್ತಾಳ."

"ಅವ್ವಾ, ಆ ಪಟ್ಟಿ ಕೆಳಗಿಡು" ಎಂದೆ.

ಎಲ್ಲರೂ ತಿರುಗಿದರು.

"ಅತ್ತಿ ನನ್ನ ಕೆಡವಿಲ್ಲ. ಡಾಕ್ಟರ ಎಕ್ಸರೇ ನೋಡಿ ಹೇಳ್ಯಾರ. ಈ ಕಾಲು ನಿನ್ನ ಪಟ್ಟಿಯಿಂದ ಕೆಟ್ಟದ್ದು. ನೀ ಕಟ್ಟಿ ಕೆಡಿಸಿದಿ."

ಕೀಲು ಹುಟ್ಟಿನಿಂದಲೇ ಸಡಿಲವಿತ್ತು ಎಂಬ ಮಾತನ್ನು ನಾನು ಬೇಕೆಂದೇ ನುಂಗಿದೆ. ಅವಳಿಗೆ ತಪ್ಪಿಸಿಕೊಳ್ಳಲು ಒಂದು ಸಂದು ಕೂಡ ಬಿಡಬಾರದು ಅನಿಸಿತ್ತು. ಅವಳು ನಲವತ್ತು ವರ್ಷ ಸುಳ್ಳು ಹೇಳಿದ್ದಳು, ನಾನು ಅರ್ಧ ಸತ್ಯ ಹೇಳಿದೆ. ಆ ಸೊಸೆ ಅವ್ವನ ಕಾಲ ಮೇಲಿಂದ ಕೂಸನ್ನು ಕಸಿದುಕೊಂಡು, ಒದ್ದೆ ಮೈಯಲ್ಲೇ ಎದೆಗೆ ಒತ್ತಿಕೊಂಡು ಹೊರಟಳು. ಉಳಿದವರೂ ಹಿಂದೆಯೇ ಎದ್ದರು.

"ನಾ ಎರದ ಕೂಸು ಎಲ್ಲಾ ನೆಟ್ಟಗ ನಡ್ಯಾಕತ್ತಾವ" ಎಂದಳು ಅವ್ವ. ಯಾರಿಗೆ ಹೇಳಿದಳೋ. ಪಟ್ಟಿ ಇನ್ನೂ ಕೈಯಲ್ಲೇ ಇತ್ತು.

ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ಸಗಣಿ ಕೈಯಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಅಳುತ್ತಾಳೆ, ಬಂದು ನನ್ನ ತಲೆ ನೇವರಿಸುತ್ತಾಳೆ ಎಂದು ಕಾದೆ. ಹೌದು, ಉಪಕಾರ ಮಾಡಿದವಳ ಹಾಗೆ ಕಾದೆ.

"ಅತ್ತಿ, ನೀ ನನ್ನ ಕೆಡವಿಲ್ಲ" ಎಂದು ಇನ್ನೊಮ್ಮೆ ಹೇಳಿದೆ.

"ಅದು ನನಗ ಗೊತ್ತೈತಿ."

"ಮತ್ತ ಯಾಕ ಹೇಳ್ಲಿಲ್ಲ?"

"ಹೇಳಿದ್ನಿ. ನಿಮ್ಮವ್ವಗ ಹೇಳಿದ್ನಿ, ನಿಮ್ಮಪ್ಪಗ ಹೇಳಿದ್ನಿ. ಕಡೀಕ ನಿನಗ ಹೇಳಿದ್ನಿ, ಚಪ್ಪಲಿಗಿ ಮೆತ್ತಿ ಹಚ್ಚುಮುಂದ. ನೀ ಅದನ್ನ ತಿಪ್ಪಿಗಿ ಒಗದಿ. ಆಮ್ಯಾಲ ಯಾರಿಗೂ ಹೇಳಲಿಲ್ಲ."

ಅಷ್ಟು ಹೇಳಿ ಅವಳು ಎಮ್ಮೆಯ ಕಡೆ ಹೋದಳು. ನನ್ನ ಕಾಲ ನಡುವೆ ದಿಂಬಿತ್ತು, ಅವ್ವ ಬಿಗಿದ ಪಟ್ಟಿ ಇತ್ತು. ಎದ್ದು ಅವಳ ಹಿಂದೆ ಹೋಗಲು ನನಗೆ ಆಗಲಿಲ್ಲ.