ಬೋಂಡಾಕ್ಕೆ ಮೊದಲಿನ ಐದು ನಿಮಿಷ

ಹಳೆಯ ಮಿನಿಟ್ಸ್ ಪುಸ್ತಕದಿಂದ ಒಂದು ರಟ್ಟಿನ ತುಂಡು ಜಾರಿ ಬಿತ್ತು. ಬ್ಲೌಸ್ ಪೀಸಿನ ಬಟ್ಟೆಯನ್ನು ಸುತ್ತಿಡುತ್ತಾರಲ್ಲ, ಆ ಬಿಳಿ ರಟ್ಟು. ಮೂಲೆಯಲ್ಲಿ ಎಣ್ಣೆಯ ಕಲೆಯೊಂದು ಕಂದು ಬಣ್ಣಕ್ಕೆ ತಿರುಗಿತ್ತು. ಮೂಸಿ ನೋಡಿದೆ. ಇಷ್ಟು ವರ್ಷದ ಮೇಲೆ ರಟ್ಟಿನಲ್ಲಿ ಬೋಂಡಾದ ವಾಸನೆ ಉಳಿದಿರಲು ಸಾಧ್ಯವಿಲ್ಲ. ಆದರೂ ಬಂತು. ನಾನೇ ಎಲ್ಲಿಂದಲೋ ತಂದು ಅದಕ್ಕೆ ಹಚ್ಚಿದೆನೋ ಏನೋ...

ರಟ್ಟಿನ ಮೇಲಿದ್ದದ್ದು ನಮ್ಮ ಕ್ಲಬ್ಬಿನಲ್ಲಿ ವಂದನಾರ್ಪಣೆ ಮಾಡುತ್ತಿದ್ದವರ ಕೈಬರಹ. ಜಯನಗರ ಫೋರ್ತ್ ಬ್ಲಾಕಿನಲ್ಲಿ ಅವರದೊಂದು ಮ್ಯಾಚಿಂಗ್ ಸೆಂಟರ್ ಇತ್ತು. ಸೀರೆಗೆ ಒಪ್ಪುವ ಬ್ಲೌಸ್ ಬಟ್ಟೆ, ಫಾಲ್ಸ್, ಲೈನಿಂಗ್. ಹೀಗಾಗಿ ಎಲ್ಲರಿಗೂ ಅವರು ಮ್ಯಾಚಿಂಗ್ ಸಾರ್. ಹೆಂಗಸರು ಸೆರಗಿನ ತುದಿ ಮುಂದೆ ಚಾಚಿದರೆ ಸಾಕು, ತಲೆ ಎತ್ತದೆ ಹಿಂದಕ್ಕೆ ಕೈ ಹಾಕಿ ನೂರು ಹಸಿರುಗಳ ನಡುವಿನಿಂದ ಆ ಒಂದು ಹಸಿರನ್ನು ಎಳೆಯುತ್ತಿದ್ದರು. ವಂದನೆಯನ್ನೂ ಹಾಗೆಯೇ ಎಳೆಯುತ್ತಿದ್ದರು. ಮುಖ್ಯ ಅತಿಥಿಗೆ ಜರಿ ಅಂಚಿನದು, ಮೈಕಿನವನಿಗೆ ಹತ್ತಿಯದು. ಕರೆಂಟು ಹೋಗದಿದ್ದರೆ ಬೀದಿ ಕೊನೆಯ ಟ್ರಾನ್ಸ್‌ಫಾರ್ಮರಿಗೂ ಒಂದು.

ಕ್ಲಬ್ಬು ಸೇರುತ್ತಿದ್ದದ್ದು ಪ್ರತಿ ಗುರುವಾರ ಸಂಜೆ, ಜೆಪಿ ನಗರದ ಒಂದು ಛತ್ರದ ಮಹಡಿಯಲ್ಲಿ. ಗಂಟೆ, ಪ್ರಾರ್ಥನೆ, ಅತಿಥಿಯ ಪರಿಚಯ, ಉಪನ್ಯಾಸ, ಶಾಲು, ವಂದನಾರ್ಪಣೆ, ಬೋಂಡಾ. ಈ ಕ್ರಮ ಯಾವತ್ತೂ ತಪ್ಪಿದ್ದಿಲ್ಲ. ಉಪನ್ಯಾಸ ಮುಗಿಯುವ ಹೊತ್ತಿಗೆ ಕೆಳಗೆ ಭಟ್ಟರು ಬಾಣಲೆಗೆ ಹಿಟ್ಟು ಬಿಡುತ್ತಿದ್ದರು. ವಾಸನೆ ಮೆಟ್ಟಿಲು ಹತ್ತಿ ಬರುವುದಕ್ಕೂ ಮ್ಯಾಚಿಂಗ್ ಸಾರ್ ಮೈಕಿನ ಮುಂದೆ ನಿಲ್ಲುವುದಕ್ಕೂ ಸರಿಹೋಗುತ್ತಿತ್ತು. ಆಮೇಲಿನ ಐದು ನಿಮಿಷ ಯಾರ ಕಿವಿಯೂ ಜಾಗದಲ್ಲಿರುತ್ತಿರಲಿಲ್ಲ. ಕುರ್ಚಿಯ ಕೆಳಗೆ ಕಾಲುಗಳು ಚಪ್ಪಲಿ ಹುಡುಕುತ್ತಿದ್ದವು. ಒಂದೊಂದು ಹೆಸರು ಮುಗಿದಾಗಲೂ ಕೈಗಳು ತಮ್ಮಷ್ಟಕ್ಕೆ ತಾವೇ ಚಪ್ಪಾಳೆ ಹೊಡೆಯುತ್ತಿದ್ದವು.

“ನನ್ನ ಮಾತು ಯಾರೂ ಕೇಳಲ್ಲ ಮೇಡಂ. ಅದೇ ಅನುಕೂಲ, ಏನ್ ಬೇಕಾದ್ರೂ ಹೇಳ್ಬೋದು,” ಎಂದು ಒಮ್ಮೆ ನನಗೆ ಹೇಳಿದ್ದರು. ನಾನು ಆಗಲೂ ಕ್ಲಬ್ಬಿನ ಕಾರ್ಯದರ್ಶಿ. ನಕ್ಕಿದ್ದೆ.

ಅವರು ಹೇಳಿದ ಅನುಕೂಲಕ್ಕೆ ಇನ್ನೊಂದು ಕಾರಣವೂ ಇತ್ತು. ಸಮಯ ಸಾಲದಾದಾಗ ಸಭೆಯ ನಿರ್ಣಯವನ್ನು ವಂದನಾರ್ಪಣೆಗೇ ಸೇರಿಸಿಬಿಡುವುದು ನಮ್ಮಲ್ಲಿ ರೂಢಿಯಾಗಿಹೋಗಿತ್ತು. ‘ರಕ್ತದಾನ ಶಿಬಿರಕ್ಕೆ ಒಪ್ಪಿದ ಸದಸ್ಯರಿಗೆ ವಂದನೆಗಳು’ ಎಂದು ಅವರು ಓದುತ್ತಿದ್ದರು. ಚಪ್ಪಾಳೆ ಬೀಳುತ್ತಿತ್ತು. ನಾನು ‘ಸಭೆಯು ಕರತಾಡನದ ಮೂಲಕ ಅಂಗೀಕರಿಸಿತು’ ಎಂದು ಬರೆದುಕೊಳ್ಳುತ್ತಿದ್ದೆ. ಬೋಂಡಾ ಆರದೆ ಇರಲಿ ಎಂದು ಮಾಡಿಕೊಂಡ ಏರ್ಪಾಡು.

ಕನಕಪುರ ರಸ್ತೆಯ ಉದ್ದಕ್ಕೂ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷ ಅದು. ಅಧ್ಯಕ್ಷರಾಗಿದ್ದವರು ಒಬ್ಬ ದಂತವೈದ್ಯರು, ಒಳ್ಳೆಯ ಮನುಷ್ಯ. ತಮ್ಮ ಅವಧಿ ಮುಗಿಯುವುದರೊಳಗೆ ಸಾರಕ್ಕಿ ಸಿಗ್ನಲ್ಲಿನಲ್ಲಿ ಕ್ಲಬ್ಬಿನ ಹೆಸರಿನದೊಂದು ದೊಡ್ಡ ಗಡಿಯಾರ ನಿಲ್ಲಿಸಬೇಕೆಂಬುದು ಅವರ ಆಸೆ. ಪ್ರತಿ ವರ್ಷ ನಾವು ಸಂಗೀತ ಸಂಜೆ ನಡೆಸಿ ಟಿಕೆಟ್ ಮಾರುತ್ತಿದ್ದೆವು. ಆ ಸಲ ಬಂದದ್ದೆಲ್ಲ ಗಡಿಯಾರಕ್ಕೆ ಎಂದು ನಿರ್ಣಯವಾಗಬೇಕಿತ್ತು. ಸಿಗ್ನಲ್ಲಿನಲ್ಲಿ ನಿಂತವರೆಲ್ಲರ ಕೈಯಲ್ಲೂ ಫೋನ್ ಇರುತ್ತೆ, ಗಡಿಯಾರ ಯಾರಿಗೆ ಎಂದು ಹಿಂದಿನ ಸಾಲಿನಲ್ಲಿ ಕೆಲವರು ಗೊಣಗಿದರು. ಎದ್ದು ನಿಂತು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ನಿರ್ಣಯ ಆಗಬೇಕಿದ್ದ ಗುರುವಾರ ಇಬ್ಬರು ಅತಿಥಿಗಳಿದ್ದರು. ಮುಖ್ಯ ಭಾಷಣಕಾರರು ಒಬ್ಬ ನಿವೃತ್ತ ಎಂಜಿನಿಯರ್, ಅವರ ವಿಷಯ ಸಮಯಪಾಲನೆ. ಗಡಿಯಾರಕ್ಕೆ ಹೊಂದಲಿ ಎಂದು ಅಧ್ಯಕ್ಷರೇ ಆರಿಸಿದ್ದು. ಇನ್ನೊಬ್ಬರು ಸುಬ್ರಹ್ಮಣ್ಯಪುರದಲ್ಲಿ ಎರಡು ಕೋಣೆಗಳಲ್ಲಿ ಶಾಲೆ ನಡೆಸುತ್ತಿದ್ದ ಟೀಚರ್. ನಡೆಯಲಾಗದ ಮಕ್ಕಳ ಶಾಲೆ. ಅವರಿಗೆ ಇಪ್ಪತ್ತು ನಿಮಿಷ ಎಂದು ನಾನೇ ಫೋನಿನಲ್ಲಿ ಹೇಳಿದ್ದೆ.

ಸಮಯಪಾಲನೆಯ ಎಂಜಿನಿಯರ್ ನಲವತ್ತು ನಿಮಿಷ ತಡವಾಗಿ ಬಂದರು. ಸಾರಕ್ಕಿ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದರಂತೆ. ಬಂದ ಮೇಲೆ ಸಮಯದ ಬೆಲೆಯನ್ನು ಒಂದು ಗಂಟೆ ಕಾಲ ವಿವರಿಸಿದರು. ಟೀಚರಿಗೆ ಉಳಿದದ್ದು ಮೂರು ನಿಮಿಷ.

ಅವರು ಕೈಯಲ್ಲಿದ್ದ ಹಾಳೆಗಳನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡರು. ನಮಸ್ಕಾರ ಹೇಳಿ, ನಿಂತಲ್ಲೇ ಮಾತಾಡಿದರು. ಶಾಲೆಯಲ್ಲಿ ಹನ್ನೊಂದು ಮಕ್ಕಳಿದ್ದರು. ಹಳೆಯ ವ್ಯಾನ್ ಪೂರ್ತಿ ಕೆಟ್ಟುಹೋದ ಮೇಲೆ ನಾಲ್ಕೇ ಮಕ್ಕಳು ಬರುತ್ತಿದ್ದಾರೆ. ಗಾಲಿಕುರ್ಚಿ ನೋಡಿದರೆ ಆಟೋದವರು ನಿಲ್ಲಿಸುವುದಿಲ್ಲ. ಜೂನ್‌ಗೆ ಮುಂಚೆ ವ್ಯಾನ್ ಸಿಗದಿದ್ದರೆ ಶಾಲೆ ಮುಚ್ಚುವುದೊಂದೇ ದಾರಿ. ಇಷ್ಟನ್ನು ವರದಿ ಓದುವವರ ಹಾಗೆ ಹೇಳಿ, ಕೊನೆಗೆ, “ಉತ್ತರಹಳ್ಳೀಲಿ ಒಂದು ಹುಡುಗಿ ಇದಾಳೆ. ವ್ಯಾನ್ ಬರಲ್ಲ ಅಂತ ಅವಳಿಗೆ ಗೊತ್ತು. ಆದ್ರೂ ಎಂಟೂವರೆಗೆ ಯೂನಿಫಾರ್ಮ್ ಹಾಕ್ಕೊಂಡು ಕಿಟಕಿ ಹತ್ರ ಕೂತಿರ್ತಾಳೆ. ಅವಳಮ್ಮ ಬಿಚ್ಚು ಅಂದ್ರೆ...” ಎನ್ನುವಾಗ ಗಂಟೆ ಹೊಡೆಯಿತು.

ಗಂಟೆ ಬಾರಿಸಿದ್ದು ಅಧ್ಯಕ್ಷರು. ಎಷ್ಟೋ ಜನಕ್ಕೆ ನಾನು ಹಾಗೆಯೇ ಹೇಳಿಕೊಂಡು ಬಂದಿದ್ದೇನೆ. ಅವರ ಉಂಗುರದ ಕೈ, ಹಿತ್ತಾಳೆಯ ಪುಟ್ಟ ಗಂಟೆ, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಈಗ ನನ್ನ ಮುಂದೆ ತೆರೆದಿರುವ ಪುಟದಲ್ಲಿ ಹೀಗಿದೆ: ‘ಸಮಯದ ಅಭಾವದಿಂದ ಕಾರ್ಯದರ್ಶಿಯವರು ಗಂಟೆ ಬಾರಿಸಿ ಭಾಷಣ ಮುಗಿಸಲು ಕೋರಿದರು.’ ನನ್ನದೇ ಅಕ್ಷರ. ನನ್ನದೇ ಹಸಿರು ಶಾಯಿ. ಗೆಜೆಟೆಡ್ ಆಫೀಸರ್ ಅಲ್ಲದಿದ್ದರೂ ನಾನು ಹಸಿರು ಶಾಯಿಯಲ್ಲೇ ಬರೆಯುತ್ತಿದ್ದೆ, ಅದಕ್ಕೆ ಎಲ್ಲರೂ ಕಿಚಾಯಿಸುತ್ತಿದ್ದರು. ಉಂಗುರದ ಕೈ ಎಲ್ಲಿಂದ ಬಂತೋ ತಿಳಿಯದು. ಅವಳಮ್ಮ ಬಿಚ್ಚು ಅಂದರೆ ಆ ಹುಡುಗಿ ಏನು ಹೇಳುತ್ತಿದ್ದಳೋ, ಅದು ಆ ದಿನ ಯಾರಿಗೂ ತಿಳಿಯಲಿಲ್ಲ.

ಟೀಚರ್ ಕೂತರು. ಶಾಲು ಹೊದಿಸಿದ್ದಾಯಿತು. ಮೊದಲೇ ಹೇಳಿದ್ದಂತೆ ಗಡಿಯಾರದ ನಿರ್ಣಯವನ್ನು ವಂದನಾರ್ಪಣೆಯಲ್ಲೇ ಮುಗಿಸಿಬಿಡಿ ಎಂದು ಅಧ್ಯಕ್ಷರು ಕೈಸನ್ನೆ ಮಾಡಿದರು. ವಾಸನೆ ಮೆಟ್ಟಿಲು ಹತ್ತಿತು. ಮ್ಯಾಚಿಂಗ್ ಸಾರ್ ರಟ್ಟು ಹಿಡಿದುಕೊಂಡು ಮೈಕಿಗೆ ಬಂದರು. ಸಮಯದ ಮಹತ್ವ ತಿಳಿಸಿದ ಎಂಜಿನಿಯರಿಗೆ ವಂದನೆ, ಚಪ್ಪಾಳೆ. ಅವರನ್ನು ಕೊನೆಗೂ ಬಿಟ್ಟುಕೊಟ್ಟ ಸಾರಕ್ಕಿ ಸಿಗ್ನಲ್ಲಿಗೆ ವಂದನೆ, ಚಪ್ಪಾಳೆ. ಆಮೇಲೆ ಅದೇ ದನಿಯಲ್ಲಿ, ಏರಿಸದೆ, ಇಳಿಸದೆ ಓದಿದರು:

“ಈ ವರ್ಷದ ಸಂಗೀತ ಸಂಜೆಯಿಂದ ಸುಬ್ರಹ್ಮಣ್ಯಪುರದ ಮಕ್ಕಳಿಗೆ ವ್ಯಾನ್ ಕೊಡಿಸಲು ಒಪ್ಪಿದ ನಮ್ಮ ಅಧ್ಯಕ್ಷರಿಗೂ ಸಮಸ್ತ ಸದಸ್ಯರಿಗೂ ಹೃತ್ಪೂರ್ವಕ ವಂದನೆಗಳು.”

ಜೋರು ಚಪ್ಪಾಳೆ ಬಿತ್ತು. ಅಧ್ಯಕ್ಷರೂ ಹೊಡೆದರು. ಎರಡೋ ಮೂರೋ ಹೊಡೆದ ಮೇಲೆ ಅವರ ಕೈಗಳು ಗಾಳಿಯಲ್ಲೇ ನಿಂತವು. ಅಷ್ಟರಲ್ಲಿ ಟೀಚರ್ ಎದ್ದು ನಿಂತಿದ್ದರು. ಸಭೆಯ ಕಡೆಗೆ ಕೈ ಮುಗಿದುಕೊಂಡು, ತುಟಿ ಕಚ್ಚಿಕೊಂಡು, ಹಾಗೆಯೇ ನಿಂತಿದ್ದರು.

“ಏನು ಓದಿದ್ರಿ?” ಎಂದರು ಅಧ್ಯಕ್ಷರು.

ಮ್ಯಾಚಿಂಗ್ ಸಾರ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ರಟ್ಟನ್ನು ದೂರ ಹಿಡಿದು ನೋಡಿದರು. “ಅಯ್ಯೋ, ತಪ್ಪಾಗೋಯ್ತು ಸಾರ್. ವಯಸ್ಸಾಯ್ತು ನೋಡಿ,” ಎಂದರು. ಮೈಕ್ ಇನ್ನೂ ಆನ್ ಇತ್ತು. “ವಾಪಸ್ ತಗೊಳ್ಳೋಣ್ವಾ? ನೀವೇ ಒಂದ್ ಮಾತು ಹೇಳ್ಬಿಡಿ, ಮೇಡಂ ಅಲ್ಲೇ ನಿಂತಿದಾರೆ.”

ಅಧ್ಯಕ್ಷರು ಟೀಚರ್ ಕಡೆ ನೋಡಿದರು. ಎಷ್ಟು ಹೊತ್ತು ನೋಡಿದರು ಎಂದು ನನ್ನನ್ನು ಕೇಳಬೇಡಿ, ಒಂದೊಂದು ಸಲ ಹೇಳುವಾಗಲೂ ಅದು ಉದ್ದವಾಗುತ್ತಾ ಹೋಗಿದೆ. ಹಿಂದಿನ ಸಾಲಿನಿಂದ ಯಾರೋ ಕೂಗಿ ಹೇಳಿದರು: “ಚಪ್ಪಾಳೆ ಬಿತ್ತಲ್ಲ ಸಾರ್, ಪಾಸ್ ಆಯ್ತು. ಬೋಂಡಾ ಆರ್ತಾ ಇದೆ.” ಸಭೆಯೆಲ್ಲ ನಕ್ಕಿತು. ದಂತವೈದ್ಯರೂ ನಕ್ಕರು, ಹಲ್ಲು ಕೀಳಿಸಿಕೊಂಡವರ ಹಾಗೆ. ನಾನು ಪೆನ್ನು ತೆಗೆದು ಬರೆದೆ: ಸಭೆಯು ಕರತಾಡನದ ಮೂಲಕ ಅಂಗೀಕರಿಸಿತು.

ಗೆದ್ದದ್ದು ಅಲ್ಲಿಗೇ ಮುಗಿಯಲಿಲ್ಲ, ಟಿಕೆಟ್ ಮಾರಬೇಕಿತ್ತು. ಮುಂದಿನ ಆರು ವಾರ ಮ್ಯಾಚಿಂಗ್ ಸೆಂಟರಿನಿಂದ ಬರಿ ಬ್ಲೌಸ್ ಪೀಸ್ ಹಿಡಿದು ಹೊರಬಂದ ಹೆಂಗಸರು ಕಡಿಮೆ. ಪೊಟ್ಟಣದೊಳಗೆ ಟಿಕೆಟ್ ಮೊದಲೇ ಇಟ್ಟು, “ಥ್ಯಾಂಕ್ಸ್ ಅಕ್ಕ, ಮಕ್ಕಳಿಗೆ ವ್ಯಾನ್ ಕೊಡಿಸಿದ್ರಿ,” ಎಂದುಬಿಡುತ್ತಿದ್ದರು. ನಾನೊಮ್ಮೆ ಅಂಗಡಿಯಲ್ಲಿ ನಿಂತು ನೋಡಿದೆ. ಚೌಕಾಶಿಗೆ ಹೆಸರಾದ ಒಬ್ಬ ಆಂಟಿ ಪೊಟ್ಟಣ ಬಿಚ್ಚಿ, ಟಿಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ, ಬೈಯಲು ಬಾಯಿ ತೆರೆದು, ಇನ್ನೆರಡು ಕೊಡಿ ಎಂದರು. ನನ್ನ ಮುಖ ನೋಡಿ ಮ್ಯಾಚಿಂಗ್ ಸಾರ್, “ಥ್ಯಾಂಕ್ಸ್ ಮೊದ್ಲೇ ಹೇಳ್ಬಿಡ್ಬೇಕು ಮೇಡಂ. ಆಮೇಲೆ ಇಲ್ಲ ಅನ್ನಕ್ಕೆ ಜನ ನಾಚ್ಕೋತಾರೆ,” ಎಂದರು. ತಪ್ಪಾಗಿ ಓದಿದವರ ಮುಖ ಅದಾಗಿರಲಿಲ್ಲ. ಬೇಕೆಂದೇ ಓದಿದ್ರಾ ಎಂದು ಕೇಳಿದೆ. ಅವರು ಬಣ್ಣದ ದಾರದ ಡಬ್ಬ ಹುಡುಕತೊಡಗಿದರು.

ಸಂಗೀತ ಸಂಜೆಯ ದಿನ ಜಯನಗರದ ಸಭಾಂಗಣದಲ್ಲಿ ಕೂರಲು ಜಾಗವಿರಲಿಲ್ಲ. ಗೋಡೆಗೆ ಒರಗಿ ನಿಂತವರು, ಮೆಟ್ಟಿಲ ಮೇಲೆ ಕೂತವರು, ತಮ್ಮ ಸೀರೆ ಬ್ಲೌಸು ಹೇಗೆ ಒಪ್ಪಿದೆ ಎಂದು ಬಾಗಿಲಲ್ಲೇ ಮ್ಯಾಚಿಂಗ್ ಸಾರಿಗೆ ತೋರಿಸಿ ಒಳಗೆ ಹೋದವರು. ಅಧ್ಯಕ್ಷರು ವೇದಿಕೆಯ ಮೇಲೆ ವ್ಯಾನ್ ತಮ್ಮ ಬಹುದಿನಗಳ ಕನಸು ಎಂದರು. ಮ್ಯಾಚಿಂಗ್ ಸಾರೇ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದರು.

ಜೂನ್ ಮೊದಲ ವಾರ ಹಳದಿ ವ್ಯಾನ್ ಹೊರಟಿತು. ಹಿಂಬದಿಯಲ್ಲಿ ಇಳಿಜಾರಾಗಿ ಬಿಚ್ಚಿಕೊಳ್ಳುವ ಹಲಗೆ, ಗಾಲಿಕುರ್ಚಿ ಸಲೀಸಾಗಿ ಏರುವಂತೆ. ಅಧ್ಯಕ್ಷರು ಕೋಟು ಹಾಕಿಕೊಂಡು ಡ್ರೈವರ್ ಪಕ್ಕ ಕೂತರು. ಹಿಂದೆ ನಾನು, ಮ್ಯಾಚಿಂಗ್ ಸಾರ್. ಉತ್ತರಹಳ್ಳಿಯ ಗಲ್ಲಿಯಲ್ಲಿ ಹಾರ್ನ್ ಹೊಡೆಯುವ ಮೊದಲೇ ಬಾಗಿಲು ತೆರೆದಿತ್ತು. ಹುಡುಗಿ ಯೂನಿಫಾರ್ಮ್ ಹಾಕಿಕೊಂಡು ಹೊಸ್ತಿಲಲ್ಲೇ ಇದ್ದಳು. ತಿಂಗಳುಗಟ್ಟಲೆ ಮನೆಯಲ್ಲೇ ಬೆಳೆದು ಫ್ರಾಕು ಮೊಣಕಾಲಿಗಿಂತ ಮೇಲೆ ಹೋಗಿತ್ತು. “ಲೇಟು,” ಎಂದಳು ನಮ್ಮನ್ನು ನೋಡಿ. ಅಷ್ಟೇ ಅವಳು ಹೇಳಿದ್ದು. ವ್ಯಾನಿನಲ್ಲಿದ್ದ ಮಕ್ಕಳೆಲ್ಲ ಕೂಗಿದ ಕೂಗಿಗೆ ಎದುರು ಮನೆಯವರು ಹೊರಗೆ ಬಂದರು. ಮ್ಯಾಚಿಂಗ್ ಸಾರ್ ಬಗ್ಗಿ ಫ್ರಾಕಿನ ಅಂಚು ಮುಟ್ಟಿ ನೋಡಿದರು. ಮೂರು ದಿನದ ಮೇಲೆ ಅದೇ ನೀಲಿಯ ಬಟ್ಟೆ ಶಾಲೆಗೆ ಬಂತು. ಒಗೆದು ಒಗೆದು ಮಾಸಿದ ಆ ನೀಲಿಯನ್ನು ಎಲ್ಲಿಂದ ಹುಡುಕಿ ತಂದರೋ! ಅಂಚಿಗೆ ಕೂಡಿಸಿದ ಜೋಡಣೆ ಎಲ್ಲಿದೆ ಎಂದು ಟೀಚರಿಗೂ ಕಾಣಲಿಲ್ಲ.

ಸಾರಕ್ಕಿ ಸಿಗ್ನಲ್ಲಿನಲ್ಲಿ ಗಡಿಯಾರ ಇವತ್ತಿಗೂ ಇಲ್ಲ. ವ್ಯಾನ್ ಇದೆ, ಈಗಿನದು ಎರಡನೆಯದು.

ಮ್ಯಾಚಿಂಗ್ ಸಾರ್ ಇಲ್ಲ. ಎರಡು ವರ್ಷದ ಹಿಂದೆ ಹೋದರು. ಅಂಗಡಿಯ ಜಾಗದಲ್ಲಿ ಮೊಬೈಲಿನ ಕವರ್ ಮಾರುತ್ತಾರೆ. ಕ್ಲಬ್ಬಿನಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ನಾಲ್ಕು ಜನ ಮಾತಾಡಿದರು, ಎರಡು ನಿಮಿಷ ಮೌನ, ಅಲ್ಲಿಗೆ ಮುಗಿಯಿತು. ಎದ್ದು ಹೊರಡುವಾಗ ಏನೋ ಬಿಟ್ಟುಹೋದ ಹಾಗೆ ಎಲ್ಲರೂ ಒಂದು ಕ್ಷಣ ನಿಂತರು. ಶ್ರದ್ಧಾಂಜಲಿ ಸಭೆಯಲ್ಲಿ ವಂದನಾರ್ಪಣೆ ಇರುವುದಿಲ್ಲ. ಊರಿಗೆಲ್ಲ ವಂದನೆ ಹೇಳಿದವರಿಗೆ ಒಂದು ವಂದನೆ ಹೇಳಲು ಕಾರ್ಯಕ್ರಮಪಟ್ಟಿಯಲ್ಲಿ ಜಾಗವೇ ಇರಲಿಲ್ಲ...

ಈ ರಟ್ಟು ಆ ಗುರುವಾರದ್ದು. ಎಂಜಿನಿಯರ್ ಇದ್ದಾರೆ, ಶಾಯಿ ನೀಲಿ. ನಿರ್ಣಯದ ಸಾಲಿನಲ್ಲಿ ‘ಸಾರಕ್ಕಿಯಲ್ಲಿ ಗಡಿಯಾರ ಸ್ಥಾಪಿಸಲು’ ಎಂದು ಮೊದಲೇ ಬರೆದಿಟ್ಟದ್ದನ್ನು ನೇರವಾದ ಒಂದು ಗೆರೆ ಎಳೆದು ಹೊಡೆದುಹಾಕಿದ್ದಾರೆ. ಅದರ ಮೇಲೆ, ಆತುರದ ಅಕ್ಷರದಲ್ಲಿ, ಮಕ್ಕಳಿಗೆ ವ್ಯಾನ್. ಗೆರೆಯೂ ಹಸಿರು, ಅಕ್ಷರವೂ ಹಸಿರು.

ಟೀಚರ್ ಮಾತಾಡುತ್ತಿದ್ದ ಮೂರು ನಿಮಿಷದಲ್ಲೋ, ಶಾಲು ಹೊದಿಸುವಾಗಲೋ, ಪಕ್ಕದಲ್ಲಿ ಕೂತಿದ್ದ ನನ್ನ ಪೆನ್ನು ಅವರ ಕೈಗೆ ಹೋಗಿ ವಾಪಸ್ ಬಂದಿದೆ. ಕೊಟ್ಟ ನೆನಪು ನನಗಿಲ್ಲ. ಬಾರಿಸಿದ ಗಂಟೆಯನ್ನು ಬೇರೆಯವರ ಕೈಗೆ ದಾಟಿಸಿದ ಈ ತಲೆ, ಕೊಟ್ಟ ಪೆನ್ನನ್ನೂ ಮರೆತಿದೆ. ಇದ್ದುದರಲ್ಲಿ ನ್ಯಾಯವೆಂದರೆ ಅಷ್ಟೇ.

ರಟ್ಟು ಸಿಕ್ಕ ಕೆಲವು ದಿನಕ್ಕೆ, ಕಳೆದ ಗುರುವಾರದ ಸಭೆಗೆ ಉತ್ತರಹಳ್ಳಿಯ ಆ ಹುಡುಗಿಯೇ ಅತಿಥಿ. ಈಗ ಬ್ಯಾಂಕೊಂದರಲ್ಲಿ ಕೆಲಸ, ಫೋನಿನಲ್ಲಿ ನಡೆಯುವ ಮೋಸಗಳ ಬಗ್ಗೆ ಮಾತಾಡಿದಳು. ವ್ಯಾನಿನ ಬಗ್ಗೆ ಏನಾದರೂ ಹೇಳುತ್ತಾಳೆಂದು ನಾನು ಕಾದೆ. ಒಂದು ಅಕ್ಷರ ಹೇಳಲಿಲ್ಲ. ಒಟಿಪಿ ಯಾರಿಗೂ ಕೊಡಬೇಡಿ ಎಂದು ಮುಂದಿನ ಸಾಲಿನ ಹಿರಿಯರಿಂದ ಮೂರು ಸಲ ಹೇಳಿಸಿದಳು. ಇಪ್ಪತ್ತು ನಿಮಿಷದ ಮೇಲೆ ಇನ್ನೂ ಒಂಬತ್ತು ನಿಮಿಷ ತೆಗೆದುಕೊಂಡಳು. ಗಂಟೆ ನನ್ನ ಎದುರಿಗೇ ಇತ್ತು. ಯಾರ ಕೈಗೂ ಸಿಗದ ಹಾಗೆ ಅದನ್ನು ಮಡಿಲಿಗೆ ಎತ್ತಿಟ್ಟುಕೊಂಡೆ.

ವಂದನಾರ್ಪಣೆ ನಾನು ಮಾಡುತ್ತೇನೆ ಎಂದು ಕೇಳಿ ಪಡೆದಿದ್ದೆ. ವಾಸನೆ ಮೆಟ್ಟಿಲು ಹತ್ತಿ ಬಂತು. ಕುರ್ಚಿಗಳ ಕೆಳಗೆ ಕಾಲುಗಳು ಚಪ್ಪಲಿ ಹುಡುಕತೊಡಗಿದವು. ಅತಿಥಿಗೆ ಹೇಳಿದೆ, ಮೈಕಿನವನಿಗೆ ಹೇಳಿದೆ, ಕೊನೆಗೆ ಅದೇ ದನಿಯಲ್ಲಿ, ಏರಿಸದೆ, ಇಳಿಸದೆ, ಮ್ಯಾಚಿಂಗ್ ಸಾರ್ ಅವರಿಗೆ ಹೃತ್ಪೂರ್ವಕ ವಂದನೆಗಳು ಎಂದೆ.

ಯಾರೂ ಕೇಳಿಸಿಕೊಳ್ಳಲಿಲ್ಲ. ಜೋರು ಚಪ್ಪಾಳೆ ಬಿತ್ತು.

ಕೆಳಗೆ ಬೋಂಡಾ ಆರುತ್ತಿತ್ತು. ನಾನು ಕೂತು, ಪೆನ್ನು ತೆಗೆದು, ಬರೆದೆ: ಸಭೆಯು ಕರತಾಡನದ ಮೂಲಕ ಅಂಗೀಕರಿಸಿತು.